ಸಿಸಿಲಿ: ಅಝಾನ್ ಇತ್ತು, ಖುತ್ಬಾ ಇರಲಿಲ್ಲ

ಸಿಸಿಲಿ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಾಫಿಯಾ. ಸಿನಿಮಾಗಳು ಆ ಹೆಸರಿಗೆ ಬಳಿದ ಬಣ್ಣ ಅದು. ಇಟಲಿಯ ನಕ್ಷೆಯಲ್ಲಿ ಬೂಟಿನ ತುದಿಗೆ ತಾಗಿದಂತೆ ಕಾಣುವ ಈ ದ್ವೀಪವನ್ನು ಮುಸ್ಲಿಮರು ಸುಮಾರು ಎರಡೂವರೆ ಶತಮಾನ ಆಳಿದ್ದರು. ಆಳ್ವಿಕೆ ಕೈತಪ್ಪಿದ ಮೇಲೂ ಒಂದೂವರೆ ಶತಮಾನ ಅಲ್ಲಿ ಮುಸ್ಲಿಂ ಜನ ಬಾಳಿದ್ದರು. ಸ್ಪೇನಿನ ಕಥೆಯನ್ನು ನಾವು ಎಷ್ಟೋ ಸಲ ಓದಿದ್ದೇವೆ, ಕೇಳಿದ್ದೇವೆ. ಸಿಸಿಲಿಯ ಕಥೆ ಅದರ ನೆರಳಿನಲ್ಲಿ ಮರೆಯಾಗಿದೆ. ಆದರೆ ಇಂದು ನಾವು ತಿಳಿಯಬೇಕಾದ ಎಷ್ಟೋ ಸಂಗತಿಗಳು ಸಿಸಿಲಿಯಲ್ಲೇ ಹೆಚ್ಚು.

ಕ್ರಿ.ಶ. 1184ರ ಡಿಸೆಂಬರಿನಲ್ಲಿ ಹಜ್ಜ್ ಮುಗಿಸಿ ಊರಿಗೆ ಮರಳುತ್ತಿದ್ದ ಸ್ಪೇನಿನ ಯಾತ್ರಿಕ ಇಬ್ನು ಜುಬೈರ್ ಅವರ ಹಡಗು ಸಿಸಿಲಿಯ ಮೆಸ್ಸೀನಾ ಬಳಿ ಒಡೆಯಿತು. ಜೀವ ಉಳಿಸಿಕೊಂಡ ಅವರು ದ್ವೀಪದ ಉತ್ತರ ಕರಾವಳಿಯುದ್ದಕ್ಕೂ ಪ್ರಯಾಣಿಸಿ ಕಂಡದ್ದನ್ನು ಬರೆದಿಟ್ಟರು. ಆಗ ಅಲ್ಲಿನ ಅರಸ ಕ್ರೈಸ್ತ, ನಾರ್ಮನ್ ವಂಶದ ಎರಡನೇ ವಿಲಿಯಂ. ರಾಜಧಾನಿ ಪಾಲೆರ್ಮೋದಲ್ಲಿ ಮುಸ್ಲಿಮರಿಗೆ ತಮ್ಮದೇ ಬಡಾವಣೆಗಳಿದ್ದವು. ಮಸೀದಿಗಳಿದ್ದವು, ಐದು ಹೊತ್ತಿನ ಅಝಾನ್ ಕೇಳಿಸುತ್ತಿತ್ತು, ವ್ಯಾಜ್ಯ ತೀರ್ಮಾನಿಸಲು ಖಾಝಿ ಇದ್ದರು, ವ್ಯಾಪಾರ ಅವರ ಕೈಯಲ್ಲಿತ್ತು. ಆದರೆ ಶುಕ್ರವಾರ ಅವರು ಜುಮಾಕ್ಕೆ ಸೇರುತ್ತಿರಲಿಲ್ಲ, ಏಕೆಂದರೆ ಖುತ್ಬಾ ನಿಷಿದ್ಧವಾಗಿತ್ತು. ಈದ್ ದಿನ ಮಾತ್ರ ಖುತ್ಬಾ ಓದಲು ಅವಕಾಶವಿತ್ತು.

ಅಝಾನ್ ಇದೆ, ಖುತ್ಬಾ ಇಲ್ಲ. ತಿಂಗಳು ತಿಂಗಳು ಖುತ್ಬಾದ ಸಾರಾಂಶ ಓದುವ ನಮಗೆ ಈ ಮಾತು ತಟ್ಟದೆ ಇರದು. ಅಷ್ಟೆಲ್ಲ ಸವಲತ್ತಿದ್ದ ಸಮುದಾಯಕ್ಕೆ ಆ ಒಂದು ಹಕ್ಕು ಏಕಿರಲಿಲ್ಲ? ಮುಂದಿನ ನೂರು ವರ್ಷ ತುಂಬುವ ಮೊದಲೇ ಆ ಸಮುದಾಯ ದ್ವೀಪದಿಂದಲೇ ಇಲ್ಲವಾದದ್ದು ಹೇಗೆ? ಇದನ್ನು ಅರಿಯಲು ಅಲ್ಲಿನ ನೆಲ, ನೀರು, ದುಡಿಮೆಗಳನ್ನು ಮೊದಲು ನೋಡಬೇಕು.

ಮೂರು ಮೂಲೆಯ ನೆಲ

ಮೆಡಿಟರೇನಿಯನ್ ಸಮುದ್ರದ ದ್ವೀಪಗಳಲ್ಲಿ ಸಿಸಿಲಿಯೇ ದೊಡ್ಡದು. ಸುಮಾರು 25,700 ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ಏಳನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಇಂದಿನ ಜನಸಂಖ್ಯೆ ಸುಮಾರು 48 ಲಕ್ಷ. ಆಕಾರ ತ್ರಿಕೋನ. ಅದಕ್ಕೇ ಪ್ರಾಚೀನರು ಇದನ್ನು ಟ್ರಿನಾಕ್ರಿಯಾ ಎಂದೂ ಕರೆದರು. ಈಶಾನ್ಯದ ಮೂಲೆಯಲ್ಲಿ ಇಟಲಿಯ ಮುಖ್ಯ ನೆಲಕ್ಕೂ ಇದಕ್ಕೂ ನಡುವೆ ಮೆಸ್ಸೀನಾ ಜಲಸಂಧಿ ಇದೆ. ಅತಿ ಕಿರಿದಾದಲ್ಲಿ ಅದು ಮೂರು ಕಿಲೋಮೀಟರಿನಷ್ಟು ಮಾತ್ರ. ಇಂದಿಗೂ ಅಲ್ಲಿ ಸೇತುವೆಯಿಲ್ಲ. ರೈಲು ಬೋಗಿಗಳನ್ನೇ ಹಡಗಿಗೆ ಹತ್ತಿಸಿ ದಾಟಿಸುತ್ತಾರೆ. ನೈಋತ್ಯದ ಕಡೆ ಆಫ್ರಿಕಾದ ಟುನೀಸಿಯಾ ಸುಮಾರು 150 ಕಿಲೋಮೀಟರ್ ದೂರ. ಹಳೆಯ ಕಾಲದ ಹಾಯಿಹಡಗಿಗೆ ಅನುಕೂಲದ ಗಾಳಿ ಸಿಕ್ಕರೆ ಅದು ದೂರವೇ ಅಲ್ಲ. ಯುರೋಪಿಗೂ ಆಫ್ರಿಕಾಕ್ಕೂ ನಡುವಿನ ಹೊಸ್ತಿಲಿನಂತೆ ಇರುವುದರಿಂದಲೇ ಫಿನೀಷಿಯನ್ನರು, ಗ್ರೀಕರು, ರೋಮನ್ನರು, ಅರಬರು, ನಾರ್ಮನ್ನರು, ಸ್ಪೇನಿನವರು ಎಲ್ಲರೂ ಇದರ ಮೇಲೆ ಕಣ್ಣಿಟ್ಟರು.

ಪೂರ್ವದಲ್ಲಿ ಎಟ್ನಾ ಪರ್ವತ. 3,300 ಮೀಟರಿಗೂ ಹೆಚ್ಚು ಎತ್ತರದ ಇದು ಯುರೋಪಿನ ಅತಿ ಎತ್ತರದ ಜೀವಂತ ಜ್ವಾಲಾಮುಖಿ. 1669ರಲ್ಲಿ ಇದರ ಲಾವಾ ಕಟಾನಿಯಾ ನಗರದವರೆಗೂ ಹರಿಯಿತು. ಅದೇ ಲಾವಾ ತಣಿದು ಪುಡಿಯಾಗಿ ಶತಮಾನಗಳ ಮೇಲೆ ಫಲವತ್ತಾದ ಕಪ್ಪು ಮಣ್ಣಾಗುತ್ತದೆ. ಎಟ್ನಾದ ಬುಡದ ಕೆಂಪು ತಿರುಳಿನ ಕಿತ್ತಳೆಗೂ ಬ್ರೋಂತೆ ಊರಿನ ಪಿಸ್ತಾಕ್ಕೂ ಹೆಸರು ಬಂದದ್ದು ಈ ಮಣ್ಣಿನಿಂದ. ಭೂಕಂಪಗಳೂ ಇಲ್ಲಿನ ಬದುಕಿನ ಭಾಗ. 1693ರ ಕಂಪನ ಆಗ್ನೇಯದ ಊರುಗಳನ್ನು ನೆಲಸಮ ಮಾಡಿತು. 1908ರ ಡಿಸೆಂಬರ್ 28ರ ನಸುಕಿನಲ್ಲಿ ಮೆಸ್ಸೀನಾ ನಗರವೇ ಕುಸಿದು ಹತ್ತಾರು ಸಾವಿರ ಜನ ಸತ್ತರು.

ಸಿಸಿಲಿಯ ನಿಜವಾದ ಕೊರತೆ ನೀರಿನದು. ಮಳೆ ಬರುವುದು ಚಳಿಗಾಲದಲ್ಲಿ. ಬೆಳೆಗೆ ನೀರು ಬೇಕಾದ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹನಿಯೂ ಬೀಳದು. ಹಲವು ನದಿಗಳು ಆಗ ಬರೀ ಕಲ್ಲಿನ ಹಾಸು. ಹಾಗಾಗಿ ಮಳೆಯನ್ನು ನಂಬಿ ಗೋಧಿ ಬೆಳೆಯಬಹುದು, ತೋಟ ಮಾಡಲಾಗದು. ರೋಮನ್ನರು ಕ್ರಿ.ಪೂ. 241ರಲ್ಲಿ ದ್ವೀಪವನ್ನು ತಮ್ಮ ಮೊದಲ ಪ್ರಾಂತ್ಯವಾಗಿ ಮಾಡಿಕೊಂಡಾಗ ಕೇಳಿದ್ದೂ ಗೋಧಿಯನ್ನೇ. ದೊಡ್ಡ ದೊಡ್ಡ ಜಮೀನು, ದುಡಿಯಲು ಗುಲಾಮರು, ಹಡಗು ತುಂಬ ಗೋಧಿ ರೋಮಿಗೆ, ಇದು ಶತಮಾನಗಳ ಕಾಲ ಸಿಸಿಲಿಯ ಆರ್ಥಿಕತೆಯಾಗಿತ್ತು.

ಖಾಝಿಯ ಹಡಗುಪಡೆ

ಒಂಬತ್ತನೇ ಶತಮಾನದ ಹೊತ್ತಿಗೆ ಸಿಸಿಲಿ ಬೈಝಂಟೈನ್ ಸಾಮ್ರಾಜ್ಯದ ಕೈಯಲ್ಲಿತ್ತು. ಅಲ್ಲಿನ ಸೇನಾಧಿಕಾರಿ ಯೂಫೆಮಿಯಸ್ ದಂಗೆಯೆದ್ದು, ಇಂದಿನ ಟುನೀಸಿಯಾದ ಖೈರವಾನಿನಿಂದ ಆಳುತ್ತಿದ್ದ ಅಗ್ಲಬಿ ದೊರೆ ಝಿಯಾದತುಲ್ಲಾಹ್ ಅವರ ನೆರವು ಬೇಡಿದ. ಹಿಜರಿ 212, ಎಂದರೆ ಕ್ರಿ.ಶ. 827ರಲ್ಲಿ ಹೊರಟ ಹಡಗುಪಡೆಯ ನಾಯಕ ವೃತ್ತಿಯಿಂದ ಯೋಧನಲ್ಲ. ಅವರು ಎಪ್ಪತ್ತರ ಆಸುಪಾಸಿನ ಖಾಝಿ ಅಸದ್ ಬಿನ್ ಫುರಾತ್. ಮದೀನಾದಲ್ಲಿ ಇಮಾಮ್ ಮಾಲಿಕ್ ಅವರಿಂದಲೂ ಇರಾಕಿನಲ್ಲಿ ಇಮಾಮ್ ಅಬೂ ಹನೀಫಾ ಅವರ ಶಿಷ್ಯರಿಂದಲೂ ಕಲಿತವರು. ಸೂಸಾ ಬಂದರಿನಲ್ಲಿ ಬೀಳ್ಕೊಡಲು ಬಂದ ಜನಸಾಗರದ ಎದುರು ಅವರು, ತಮ್ಮ ತಂದೆ ತಾತಂದಿರಲ್ಲಿ ಯಾರೂ ಅಧಿಕಾರ ಕಂಡವರಲ್ಲ, ತಮಗೆ ಈ ಸ್ಥಾನ ಸಿಕ್ಕಿದ್ದು ಲೇಖನಿಯಿಂದ, ಆದ್ದರಿಂದ ವಿದ್ಯೆಗಾಗಿ ದುಡಿಯಿರಿ ಎಂದರೆಂದು ಇತಿಹಾಸಕಾರರು ಬರೆದಿದ್ದಾರೆ.

ಪಡೆ ಇಳಿದದ್ದು ಪಶ್ಚಿಮ ಕರಾವಳಿಯ ಮಝಾರಾದಲ್ಲಿ. ಮರುವರ್ಷ ಸಿರಕೂಸಾ ನಗರದ ಮುತ್ತಿಗೆಯ ವೇಳೆ ಅಸದ್ ತೀರಿಕೊಂಡರು. 831ರಲ್ಲಿ ಪಾಲೆರ್ಮೋ ವಶವಾಯಿತು. ಬೆಟ್ಟದ ಮೇಲಿನ ಕೋಟೆ ಎನ್ನಾ 859ರಲ್ಲಿ, ಸಿರಕೂಸಾ 878ರಲ್ಲಿ, ತಾವೋರ್ಮಿನಾ 902ರಲ್ಲಿ ಬಿದ್ದವು. ಒಂದು ದ್ವೀಪವನ್ನು ಪೂರ್ತಿ ಹಿಡಿಯಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. ಇದು ಹೂ ಚೆಲ್ಲಿದ ದಾರಿಯಾಗಿರಲಿಲ್ಲ, ಯುದ್ಧವೇ ಆಗಿತ್ತು. ಸಿರಕೂಸಾದಲ್ಲಿ ಹರಿದ ರಕ್ತವನ್ನು ಅಲ್ಲಿನ ಕ್ರೈಸ್ತರು ಮರೆಯಲಿಲ್ಲ. ಮುಸ್ಲಿಂ ಆಳ್ವಿಕೆಯ ಹಿರಿಮೆಯನ್ನು ಹೇಳುವಾಗ ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಕ್ರೈಸ್ತರೂ ಯಹೂದಿಗಳೂ ಜಿಝ್ಯಾ ಕೊಟ್ಟು ತಮ್ಮ ಧರ್ಮದಲ್ಲೇ ಉಳಿದರು. ಈಶಾನ್ಯ ಭಾಗದಲ್ಲಿ ಕ್ರೈಸ್ತರೇ ಬಹುಸಂಖ್ಯಾತರಾಗಿ ಮುಂದುವರಿದರು.

ನೀರಿನ ಲೆಕ್ಕ

ಬಂದವರು ಕತ್ತಿಯನ್ನಷ್ಟೇ ತರಲಿಲ್ಲ. ಬೇಸಾಯಗಾರರೂ ಬಂದರು, ನೀರಿನ ಕಸುಬು ಬಲ್ಲವರೂ ಬಂದರು. ಸಿಸಿಲಿಯ ಚಿತ್ರ ಬದಲಾದದ್ದು ಇಲ್ಲಿಂದ.

ಪಾಲೆರ್ಮೋದ ಸುತ್ತಲಿನ ಬಯಲಿನ ಅಡಿಯಲ್ಲಿ ಖನಾತ್‌ಗಳನ್ನು ತೋಡಲಾಯಿತು. ಬೆಟ್ಟದ ಬುಡದ ಅಂತರ್ಜಲವನ್ನು ಸಣ್ಣ ಇಳಿಜಾರಿನ ಸುರಂಗದ ಮೂಲಕ, ಯಾವ ಯಂತ್ರವೂ ಇಲ್ಲದೆ, ತೋಟದವರೆಗೆ ಹರಿಸುವ ವಿಧಾನ ಇದು. ನಮ್ಮ ಬೀದರಿನ ಕರೇಜ್ ನೋಡಿದವರಿಗೆ ಇದು ಹೊಸತಲ್ಲ. ಎರಡರ ತವರೂ ಪರ್ಷಿಯಾ. ಅಲ್ಲಿಂದ ಒಂದು ಕವಲು ಪಶ್ಚಿಮಕ್ಕೆ ಸಿಸಿಲಿಯವರೆಗೆ, ಇನ್ನೊಂದು ಪೂರ್ವಕ್ಕೆ ದಖ್ಖನಿಗೆ ಹರಿಯಿತು. ಬಾವಿಯಿಂದ ನೀರೆತ್ತಲು ಮಡಕೆಗಳನ್ನು ಕಟ್ಟಿದ, ಪ್ರಾಣಿ ಸುತ್ತಿ ತಿರುಗಿಸುವ ಗಾಲಿ ಬಂತು. ಎತ್ತಿದ ನೀರನ್ನು ಕೂಡಿಡಲು ತೊಟ್ಟಿ, ತೊಟ್ಟಿಯಿಂದ ಗಿಡದ ಬುಡಕ್ಕೆ ಕಾಲುವೆ, ಸರದಿಯಂತೆ ಪಾಲು. ಸಿಸಿಲಿಯ ರೈತರು ಇಂದಿಗೂ ಆ ತೊಟ್ಟಿಗೆ ಜೆಬ್ಬಿಯಾ ಎನ್ನುತ್ತಾರೆ, ಅರಬಿಯ ಜಾಬಿಯಾ. ಕಾಲುವೆಗೆ ಸಾಯಾ, ಅರಬಿಯ ಸಾಖಿಯಾ. ಗಾಲಿಗೆ ಸೆನಿಯಾ, ಅರಬಿಯ ಸಾನಿಯಾ. ಕಿತ್ತಳೆ ನಿಂಬೆಗಳ ಹೂವಿಗೆ ಝಾಗರಾ, ಅರಬಿಯಲ್ಲಿ ಹೂವು ಎಂದರೆ ಝಹ್ರ್.

ನೀರು ಬಂದ ಮೇಲೆ ಬೇಸಿಗೆಯ ಬೆಳೆಗಳು ಬಂದವು. ಕಬ್ಬು, ಹತ್ತಿ, ಅಕ್ಕಿ, ಬದನೆ, ನಿಂಬೆ, ಕಹಿ ಕಿತ್ತಳೆ. ಇವುಗಳಲ್ಲಿ ಹಲವು ಹೊರಟದ್ದು ನಮ್ಮ ಕಡೆಯಿಂದಲೇ. ಪರ್ಷಿಯಾ, ಇರಾಕ್, ಈಜಿಪ್ಟ್ ದಾಟಿ ಅವು ಮೆಡಿಟರೇನಿಯನ್ ಸೇರಿದವು. ಶರ್ಕರಾ ಅರಬಿಯಲ್ಲಿ ಸುಕ್ಕರ್ ಆಗಿ ಇಟಲಿಯಲ್ಲಿ ಝುಕ್ಕೆರೋ ಆಯಿತು. ನಮ್ಮ ನಾರಂಗಿ ಅರಬಿಯ ನಾರಂಜ್ ಆಗಿ ಅವರ ಅರಾಂಚಾ ಆಯಿತು. ಇವುಗಳ ಜೊತೆಗೆ ಹಿಪ್ಪುನೇರಳೆ, ರೇಷ್ಮೆ, ಖರ್ಜೂರ. ದೊಡ್ಡ ಜಮೀನುಗಳು ಒಡೆದು ಸಣ್ಣ ಹಿಡುವಳಿಗಳು ಹೆಚ್ಚಿದವು. ಆಸ್ತಿಯನ್ನು ಹಿರಿಯ ಮಗನಿಗೊಬ್ಬನಿಗೇ ಬಿಡದೆ ಮಕ್ಕಳಿಗೆಲ್ಲ ಪಾಲು ಕೊಡುವ ಇಸ್ಲಾಮಿನ ವಾರಸು ನಿಯಮವೂ ಇದಕ್ಕೆ ಒಂದು ಕಾರಣವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಒಂದೇ ಗೋಧಿಯ ನೆಲ ಹಲವು ತೋಟಗಳ ನೆಲವಾಯಿತು.

ಊರಿನ ಹೆಸರುಗಳಲ್ಲೂ ಆ ಕಾಲ ಕುಳಿತಿದೆ. ಕಲ್ತಾನಿಸ್ಸೆತ್ತಾ, ಕಲ್ತಜಿರೋನೆ ಎಂಬಲ್ಲಿನ ಕಲ್ತಾ ಎಂದರೆ ಖಲ್‌ಅತ್, ಕೋಟೆ. ಮಿಸಿಲ್ಮೇರಿ ಎಂದರೆ ಮನ್ಝಿಲುಲ್ ಅಮೀರ್. ಅಲ್ಕಾಂತರಾ ನದಿಯ ಹೆಸರು ಅಲ್ ಖನ್ತರಾ, ಸೇತುವೆ. ಎಟ್ನಾದ ಇನ್ನೊಂದು ಹೆಸರು ಮೊಂಜಿಬೆಲ್ಲೋ. ಲ್ಯಾಟಿನ್ನಿನ ಮೋಂತೆ ಎಂದರೂ ಬೆಟ್ಟ, ಅರಬಿಯ ಜಬಲ್ ಎಂದರೂ ಬೆಟ್ಟ. ಎರಡು ಭಾಷೆಯವರು ಒಂದೇ ಬೆಟ್ಟದ ಕೆಳಗೆ ಬಾಳಿದ ಗುರುತು ಅದು.

ಮಸೀದಿ ಮುನ್ನೂರು, ಮನಸ್ಸು ಮೂರು

ಈ ದ್ವೀಪ ಹೆಸರುವಾಸಿ ಜನರನ್ನೂ ಕೊಟ್ಟಿತು. ಕೈರೋ ನಗರ ಕಟ್ಟಿ ಅಲ್ ಅಝ್ಹರ್ ಮಸೀದಿಗೆ ಅಡಿಪಾಯ ಹಾಕಿಸಿದ ಸೇನಾನಿ ಜೌಹರ್ ಅವರ ಹೆಸರಿನ ಜೊತೆ ಸಿಖಿಲ್ಲಿ, ಎಂದರೆ ಸಿಸಿಲಿಯವ, ಎಂಬ ಗುರುತಿದೆ. ಸಹೀಹ್ ಮುಸ್ಲಿಮ್‌ಗೆ ವ್ಯಾಖ್ಯಾನ ಬರೆದ ಇಮಾಮ್ ಮಾಝರಿ ಅವರ ಹೆಸರಿನಲ್ಲಿರುವುದು ಮಝಾರಾ ಊರು.

973ರಲ್ಲಿ ಪ್ರವಾಸಿ ಇಬ್ನು ಹೌಖಲ್ ಪಾಲೆರ್ಮೋಗೆ ಬಂದರು. ನಗರದಲ್ಲಿ ಮುನ್ನೂರಕ್ಕೂ ಹೆಚ್ಚು ಮಸೀದಿಗಳಿರುವುದನ್ನು ಕಂಡು ಬೆರಗಾದರು. ಒಂದು ಬಾಣದ ದೂರದೊಳಗೆ ಹತ್ತು ಮಸೀದಿಗಳನ್ನು ಅವರು ಎಣಿಸಿದರಂತೆ. ಇಷ್ಟೇಕೆ ಎಂದು ವಿಚಾರಿಸಿದಾಗ ಸಿಕ್ಕಿದ ಉತ್ತರ ಅವರ ಬೆರಗನ್ನು ಬೇಸರವಾಗಿ ತಿರುಗಿಸಿತು. ಇಲ್ಲಿನ ಪ್ರತಿಷ್ಠಿತರಿಗೆ ತಮ್ಮದೇ ಆದ ಮಸೀದಿ ಬೇಕು, ಅದರಲ್ಲಿ ತಮ್ಮ ಮನೆಯವರೂ ಆಳುಕಾಳುಗಳೂ ಮಾತ್ರ ಇರಬೇಕು ಎಂಬುದೇ ಆ ಉತ್ತರ. ವಿದ್ವಾಂಸರೊಬ್ಬರು ತಮ್ಮ ಮಸೀದಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ಮಗನಿಗೆ ಇನ್ನೊಂದನ್ನು ಕಟ್ಟಿಸಿಕೊಟ್ಟಿದ್ದರು. ಇಬ್ನು ಹೌಖಲ್ ಟೀಕೆಯಲ್ಲಿ ಕಟುವಾದ ಮನುಷ್ಯ, ಪಾಲೆರ್ಮೋದ ಜನ ಅವರಿಗೆ ಹಿಡಿಸಿರಲಿಲ್ಲ ಎಂಬುದೂ ನಿಜ. ಆದರೆ ಈ ಮಾತು ಮುಂದಿನ ಘಟನೆಗಳಿಗೆ ಕನ್ನಡಿಯಂತಿದೆ.

ಹನ್ನೊಂದನೇ ಶತಮಾನದ ನಡುವಿಗೆ ಕೇಂದ್ರ ಆಡಳಿತ ಮುರಿದುಬಿತ್ತು. ಒಂದೊಂದು ಊರಿಗೆ ಒಬ್ಬೊಬ್ಬ ನಾಯಕ. ಅವರಲ್ಲಿ ಇಬ್ನು ಸುಮ್ನಾ ಮತ್ತು ಎನ್ನಾದ ಇಬ್ನುಲ್ ಹವ್ವಾಸ್ ಬದ್ಧವೈರಿಗಳಾದರು. ಇಬ್ನು ಸುಮ್ನಾನ ಹೆಂಡತಿ ಇಬ್ನುಲ್ ಹವ್ವಾಸನ ತಂಗಿ. ಕುಡಿದ ಮತ್ತಿನಲ್ಲಿ ಗಂಡ ಆಕೆಯ ನರ ಕತ್ತರಿಸಲು ಹೇಳಿದನೆಂದೂ, ಮಗ ಬಂದು ಉಳಿಸಿದನೆಂದೂ, ಆಕೆ ಅಣ್ಣನ ಮನೆ ಸೇರಿ ಮರಳಿ ಹೋಗಲೊಪ್ಪಲಿಲ್ಲವೆಂದೂ ಅರಬಿ ಚರಿತ್ರೆಗಳು ಹೇಳುತ್ತವೆ. ಯುದ್ಧದಲ್ಲಿ ಸೋತ ಇಬ್ನು ಸುಮ್ನಾ ಜಲಸಂಧಿ ದಾಟಿ ದಕ್ಷಿಣ ಇಟಲಿಯಲ್ಲಿದ್ದ ನಾರ್ಮನ್ ನಾಯಕ ರೋಜರನ ಬಳಿ ಹೋಗಿ, ದ್ವೀಪವನ್ನು ಕೈಗೊಪ್ಪಿಸುವ ಮಾತು ಕೊಟ್ಟ. 1061ರಲ್ಲಿ ನಾರ್ಮನ್ನರು ಮೆಸ್ಸೀನಾಕ್ಕೆ ಕಾಲಿಟ್ಟರು. ಮರುವರ್ಷವೇ ಇಬ್ನು ಸುಮ್ನಾ ಕೊಲೆಯಾದ. ಪಾಲೆರ್ಮೋ 1072ರಲ್ಲಿ, ಕೊನೆಯ ಊರು ನೋಟೋ 1091ರಲ್ಲಿ ಅವರ ಪಾಲಾಯಿತು. ಬೈಝಂಟೈನರ ಒಳಜಗಳದ ಬಾಗಿಲಿನಿಂದ ಒಳಬಂದ ಆಳ್ವಿಕೆ ತನ್ನದೇ ಒಳಜಗಳದ ಬಾಗಿಲಿನಿಂದ ಹೊರಹೋಯಿತು.

ಅರಸನ ಕೃಪೆ

ನಾರ್ಮನ್ನರು ಜಾಣರು. ಸಂಖ್ಯೆಯಲ್ಲಿ ಕೆಲವೇ ಮಂದಿ. ಆಡಳಿತದ ಲೆಕ್ಕಪತ್ರ, ತೆರಿಗೆ, ತೋಟ, ನೇಯ್ಗೆ ಎಲ್ಲವೂ ಮುಸ್ಲಿಮರ ಮತ್ತು ಗ್ರೀಕರ ಕೈಯಲ್ಲಿತ್ತು. ಅದನ್ನು ಕೆಡಿಸಲು ಅವರು ಹೋಗಲಿಲ್ಲ. 1130ರಲ್ಲಿ ಕಿರೀಟ ಧರಿಸಿದ ಎರಡನೇ ರೋಜರನ ಆಸ್ಥಾನದಲ್ಲಿ ಅರಬಿ, ಗ್ರೀಕ್, ಲ್ಯಾಟಿನ್ ಮೂರೂ ನಡೆಯುತ್ತಿದ್ದವು. ಅವನ ಕೆಂಪು ರೇಷ್ಮೆಯ ರಾಜವಸ್ತ್ರದ ಅಂಚಿನಲ್ಲಿ ಅರಬಿ ಅಕ್ಷರಗಳಲ್ಲಿ ಹಿಜರಿ 528 ಎಂಬ ವರ್ಷವನ್ನು ಕಸೂತಿ ಮಾಡಲಾಗಿದೆ. ಅದು ಈಗ ವಿಯೆನ್ನಾದಲ್ಲಿದೆ. ಅರಮನೆಯ ಇಗರ್ಜಿಯ ಮಾಡನ್ನು ಮುಸ್ಲಿಂ ಕುಶಲಕರ್ಮಿಗಳ ಶೈಲಿಯ ಮುಖರ್ನಸ್ ಕೆತ್ತನೆ ಅಲಂಕರಿಸಿದೆ. ಪಾಲೆರ್ಮೋದ ಈ ಕಾಲದ ಕಟ್ಟಡಗಳನ್ನು 2015ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಗರದ ಮುಖ್ಯ ಇಗರ್ಜಿಯ ಬಾಗಿಲ ಬಳಿಯ ಒಂದು ಕಂಬದ ಮೇಲೆ ಖುರ್‌ಆನ್ ವಚನ ಇಂದಿಗೂ ಕಾಣುತ್ತದೆ.

ಅಲ್ ಇದ್ರೀಸಿ ಎಂಬ ಭೂಗೋಳ ಶಾಸ್ತ್ರಜ್ಞರು ಬೆಳ್ಳಿಯ ತಟ್ಟೆಯ ಮೇಲೆ ಲೋಕದ ನಕ್ಷೆ ಕೊರೆಸಿ, ಅದಕ್ಕೆ ವಿವರಣೆಯಾಗಿ 1154ರಲ್ಲಿ ಒಂದು ಮಹಾಗ್ರಂಥ ಮುಗಿಸಿದ್ದು ಇದೇ ರೋಜರನ ಆಶ್ರಯದಲ್ಲಿ. ಮಲಬಾರಿನ ಬಂದರುಗಳ ಮಾತು ಅದರಲ್ಲಿದೆ. ಪಾಲೆರ್ಮೋ ಸಮೀಪದ ತ್ರಾಬಿಯಾ ಎಂಬ ಹಳ್ಳಿಯ ಬಗ್ಗೆ ಬರೆಯುತ್ತಾ ಅವರು, ಅಲ್ಲಿ ಸದಾ ಹರಿಯುವ ನೀರಿನಿಂದ ಗಿರಣಿಗಳು ನಡೆಯುತ್ತವೆ, ಇತ್ರಿಯಾ ಎಂಬ ಹಿಟ್ಟಿನ ಶಾವಿಗೆ ತಯಾರಾಗಿ ಮುಸ್ಲಿಂ ನಾಡುಗಳಿಗೂ ಕ್ರೈಸ್ತ ನಾಡುಗಳಿಗೂ ಹಡಗುಗಟ್ಟಲೆ ಹೋಗುತ್ತದೆ ಎನ್ನುತ್ತಾರೆ. ಇಟಲಿಯ ಪಾಸ್ತಾದ ಉದ್ಯಮದ ಬಗ್ಗೆ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಇದು ಒಂದು.

ಇದೆಲ್ಲ ಓದುವಾಗ ಮನಸ್ಸು ಅರಳುತ್ತದೆ. ಆದರೆ ಹೊರನೋಟಕ್ಕೆ ಕಾಣದ ಸಂಗತಿ ಬೇರೆ ಇತ್ತು. ಜಿಝ್ಯಾವನ್ನು ಈಗ ಮುಸ್ಲಿಮರೇ ಕಟ್ಟಬೇಕಿತ್ತು. ಹಳ್ಳಿಯ ರೈತರನ್ನು ಹೊಲದ ಸಮೇತ ಇಗರ್ಜಿಗೂ ಸಾಮಂತರಿಗೂ ಬರೆದುಕೊಡಲಾಗುತ್ತಿತ್ತು. ಅವರ ಹೆಸರುಗಳ ಅರಬಿ ಪಟ್ಟಿಗಳು ಇಂದಿಗೂ ಉಳಿದಿವೆ. ಓದಿದವರಲ್ಲಿ ಹಲವರು ದ್ವೀಪ ಬಿಟ್ಟರು. ಕವಿ ಇಬ್ನು ಹಮ್ದೀಸ್ ಯೌವನದಲ್ಲೇ ಸ್ಪೇನಿಗೆ ಹೋಗಿ, ಸಾಯುವವರೆಗೂ ತವರಿನ ಹಂಬಲದಲ್ಲಿ ಬರೆದರು. ಉಳಿದವರ ಮುಂದೆ ಕಠಿಣ ಪ್ರಶ್ನೆಗಳಿದ್ದವು. ಕ್ರೈಸ್ತ ಅರಸ ನೇಮಿಸಿದ ಖಾಝಿಯ ತೀರ್ಪು ಸಿಂಧುವೇ? ಈ ಪ್ರಶ್ನೆ ಆಫ್ರಿಕಾದಲ್ಲಿದ್ದ ಇಮಾಮ್ ಮಾಝರಿ ಅವರ ಬಳಿ ಹೋಯಿತು. ಸಿಂಧು ಎಂದೇ ಅವರು ಫತ್ವಾ ಕೊಟ್ಟರು. ಜನರ ನಡುವೆ ನ್ಯಾಯ ನಡೆಯಬೇಕಾದ ಅಗತ್ಯವನ್ನು ಅವರು ಮುಂದಿಟ್ಟರು. ಅಲ್ಲೇ ಉಳಿದು ಬಾಳುವವರ ಕಷ್ಟವನ್ನು ಅರಿತ ಫತ್ವಾ ಅದು.

ಕೊರತೆ ಇದ್ದದ್ದು ಒಂದರಲ್ಲಿ. ಮುಸ್ಲಿಮರ ರಕ್ಷಣೆ ಕಾನೂನಿನ ಮೇಲೆ ನಿಂತಿರಲಿಲ್ಲ, ಅರಸನ ಮನಸ್ಸಿನ ಮೇಲೆ ನಿಂತಿತ್ತು. ಇಬ್ನು ಜುಬೈರ್ ಕಂಡ ಎರಡನೇ ವಿಲಿಯಂ ಅರಬಿ ಓದಬಲ್ಲವನು. ಅವನ ಅಡುಗೆಯ ಮುಖ್ಯಸ್ಥ ಮುಸ್ಲಿಂ, ಅಂಗರಕ್ಷಕರು ಮುಸ್ಲಿಮರು. ಭೂಕಂಪವಾದಾಗ ಅರಮನೆಯಲ್ಲಿ ಅಲ್ಲಾಹನನ್ನು ಕೂಗಿ ಹೆದರಿ ನಿಂತವರಿಗೆ, ಪ್ರತಿಯೊಬ್ಬರೂ ತಾವು ಆರಾಧಿಸುವ ದೇವರನ್ನೇ ಪ್ರಾರ್ಥಿಸಲಿ ಎಂದನಂತೆ. ಕ್ರಿಸ್ಮಸ್ ದಿನ ಪಾಲೆರ್ಮೋದ ಕ್ರೈಸ್ತ ಸ್ತ್ರೀಯರು ಮುಸ್ಲಿಂ ಸ್ತ್ರೀಯರಂತೆ ಉಡುಪು ತೊಟ್ಟು, ಮದರಂಗಿ ಹಚ್ಚಿ ಇಗರ್ಜಿಗೆ ಹೋಗುವುದನ್ನೂ ಇಬ್ನು ಜುಬೈರ್ ಕಂಡರು. ಆದರೆ ಅದೇ ಅರಮನೆಯ ಮುಸ್ಲಿಂ ಸೇವಕರು ತಮ್ಮ ನಂಬಿಕೆಯನ್ನು ಮುಚ್ಚಿಟ್ಟು, ನಮಾಝಿನ ಹೊತ್ತಿಗೆ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ತ್ರಾಪನಿಯಲ್ಲಿ ಒಬ್ಬ ತಂದೆ ತನ್ನ ಎಳೆಯ ಮಗಳನ್ನು ಯಾತ್ರಿಕರಿಗೆ ಮದುವೆ ಮಾಡಿಕೊಟ್ಟು ದ್ವೀಪದಾಚೆ ಕಳಿಸಲು ಸಿದ್ಧನಾದ. ಮುಂದೇನಾಗುವುದೋ ಎಂಬ ಭಯ ಜನರಿಗೆ ಆಗಲೇ ಬಂದಿತ್ತು.

ಭಯಕ್ಕೆ ಕಾರಣವಿತ್ತು. 1161ರಲ್ಲಿ ಅರಸೊತ್ತಿಗೆಯ ವಿರುದ್ಧ ದಂಗೆ ನಡೆದಾಗ ಪಾಲೆರ್ಮೋದ ಕಚೇರಿಗಳಲ್ಲೂ ಅಂಗಡಿಗಳಲ್ಲೂ ಮುಸ್ಲಿಮರನ್ನು ಹುಡುಕಿ ಕೊಂದಿದ್ದರು. 1189ರಲ್ಲಿ ವಿಲಿಯಂ ಮಕ್ಕಳಿಲ್ಲದೆ ಸತ್ತ. ಕೃಪೆ ತೋರುತ್ತಿದ್ದ ಕೈ ಇಲ್ಲವಾದ ಕೂಡಲೇ ದಾಳಿ ಮತ್ತೆ ಶುರುವಾಯಿತು. ನಗರದ ಮುಸ್ಲಿಮರು ಪಶ್ಚಿಮದ ಬೆಟ್ಟಗಳಿಗೆ ಓಡಿದರು.

ಸಕ್ಕರೆ ಮಾಡುವವರು ಬೇಕಾಗಿದ್ದಾರೆ

ರೋಜರನ ಮೊಮ್ಮಗ ಚಕ್ರವರ್ತಿ ಎರಡನೇ ಫ್ರೆಡರಿಕ್ ಅರಬಿ ವಿದ್ವಾಂಸರೊಂದಿಗೆ ತತ್ತ್ವಶಾಸ್ತ್ರ ಚರ್ಚಿಸಿದವನು. 1229ರಲ್ಲಿ ಈಜಿಪ್ಟಿನ ಸುಲ್ತಾನ್ ಕಾಮಿಲ್ ಅವರೊಂದಿಗೆ ಯುದ್ಧವಿಲ್ಲದೆ ಜೆರುಸಲೇಮಿನ ಒಪ್ಪಂದ ಮಾಡಿಕೊಂಡವನು. ಇಬ್ನು ಅಬ್ಬಾದ್ ಅವರ ನಾಯಕತ್ವದಲ್ಲಿ ಬೆಟ್ಟದ ಮುಸ್ಲಿಮರು ಬಂಡಾಯವೆದ್ದಾಗ ಅದನ್ನು ತುಳಿದವನೂ ಅವನೇ. 1220ರ ದಶಕದಿಂದ 1246ರವರೆಗೆ ಕಂತು ಕಂತಾಗಿ ಸಾವಿರಾರು ಮುಸ್ಲಿಮರನ್ನು ಇಟಲಿಯ ಮುಖ್ಯ ನೆಲದ ಲುಚೇರಾ ಎಂಬ ಊರಿಗೆ ಸಾಗಿಸಿದ. ಅಲ್ಲಿ ಅವರಿಗೆ ಮಸೀದಿ, ಖಾಝಿ ಎಲ್ಲವೂ ಇತ್ತು, ಮತ್ತೆ ಅರಸನ ಕೃಪೆಯಿಂದಲೇ. 1300ರ ಆಗಸ್ಟಿನಲ್ಲಿ ಇನ್ನೊಬ್ಬ ಅರಸ ಎರಡನೇ ಚಾರ್ಲ್ಸ್ ಲುಚೇರಾವನ್ನು ನಾಶಮಾಡಿ, ಉಳಿದವರಲ್ಲಿ ಹೆಚ್ಚಿನವರನ್ನು ಗುಲಾಮರಾಗಿ ಮಾರಿಸಿದ.

ಇಲ್ಲಿ ಆರ್ಥಿಕತೆಯ ಒಂದು ಪಾಠವಿದೆ. 1239ರಲ್ಲಿ ಫ್ರೆಡರಿಕ್ ಪೂರ್ವದೇಶದಲ್ಲಿದ್ದ ತನ್ನ ಅಧಿಕಾರಿಗೆ ಪತ್ರ ಬರೆಸಿದ. ಸಕ್ಕರೆ ಚೆನ್ನಾಗಿ ಮಾಡಬಲ್ಲ ಇಬ್ಬರನ್ನು ಹುಡುಕಿ ಪಾಲೆರ್ಮೋಗೆ ಕಳಿಸಬೇಕು, ಅವರು ಇತರರಿಗೆ ಕಲಿಸಬೇಕು, ಇಲ್ಲವಾದರೆ ಆ ವಿದ್ಯೆ ಅಲ್ಲಿ ಅಳಿದುಹೋಗುತ್ತದೆ ಎಂಬುದು ಅದರ ಸಾರ. ಕಬ್ಬಿದೆ, ನೀರಿದೆ, ಗಾಣವಿದೆ, ಪಾಕ ಬಲ್ಲ ಕೈಗಳಿಲ್ಲ. ಆ ಕೈಗಳನ್ನು ದ್ವೀಪದಿಂದ ಹೊರಹಾಕಿದ್ದು ಅದೇ ಅರಸೊತ್ತಿಗೆ. ಜನರನ್ನು ಓಡಿಸಿ ಅವರ ಕಸುಬನ್ನು ಮಾತ್ರ ಉಳಿಸಿಕೊಳ್ಳಲು ಆಗುವುದಿಲ್ಲ. ಕುಗ್ಗಿದ ತೋಟಗಳ ಜಾಗದಲ್ಲಿ ಒಳನಾಡು ಮತ್ತೆ ದೊಡ್ಡ ಜಮೀನುಗಳ, ಒಂದೇ ಗೋಧಿಯ ನಾಡಾಯಿತು. 1282ರ ನಂತರ ಬಂದ ಸ್ಪೇನ್ ಕಡೆಯ ಆಳ್ವಿಕೆ 1492ರ ಆಜ್ಞೆಯ ಮೂಲಕ ಯಹೂದಿಗಳನ್ನೂ ಹೊರಹಾಕಿತು. ದ್ವೀಪ ಇನ್ನೊಂದು ಸುತ್ತು ಕುಶಲಕರ್ಮಿಗಳನ್ನು ಕಳೆದುಕೊಂಡಿತು.

ನಿಂಬೆ, ಗಂಧಕ, ವಲಸೆ

1860ರಲ್ಲಿ ಗರಿಬಾಲ್ಡಿ ಮಾರ್ಸಾಲಾದಲ್ಲಿ ಇಳಿದು ಸಿಸಿಲಿಯನ್ನು ಒಗ್ಗೂಡುತ್ತಿದ್ದ ಇಟಲಿಗೆ ಸೇರಿಸಿದ. ಆ ಶತಮಾನದಲ್ಲಿ ದ್ವೀಪದ ಸಂಪತ್ತು ಎರಡು. ಒಂದು ಗಂಧಕ. ಜಗತ್ತಿನ ಗಂಧಕದ ಬಹುಪಾಲು ಇಲ್ಲಿನ ಗಣಿಗಳಿಂದ ಹೋಗುತ್ತಿತ್ತು. ಅದನ್ನು ಬೆನ್ನಮೇಲೆ ಹೊತ್ತು ತರುತ್ತಿದ್ದವರು ಕರೂಸಿ ಎಂಬ ಎಳೆಯ ಹುಡುಗರು. ಮನೆಯವರು ಪಡೆದ ಮುಂಗಡ ತೀರುವವರೆಗೆ ಅವರಿಗೆ ಬಿಡುಗಡೆಯಿಲ್ಲ. ನಮ್ಮ ಜೀತ ಪದ್ಧತಿಯದೇ ಇನ್ನೊಂದು ರೂಪ.

ಎರಡನೆಯದು ನಿಂಬೆ. ಹಡಗಿನ ನಾವಿಕರ ಸ್ಕರ್ವಿ ರೋಗಕ್ಕೆ ನಿಂಬೆರಸ ಮದ್ದೆಂದು ತಿಳಿದ ಮೇಲೆ ಬೇಡಿಕೆ ಏರಿತು. ಪಾಲೆರ್ಮೋ ಬಯಲಿನ ತೋಟಗಳು ಚಿನ್ನ ಸುರಿಸತೊಡಗಿದವು. ಗಿಡ ನೆಟ್ಟು ಫಲಕ್ಕೆ ವರ್ಷಗಟ್ಟಲೆ ಕಾಯಬೇಕು, ಕಳ್ಳನಿಗೆ ಒಂದು ರಾತ್ರಿ ಸಾಕು. ನೀರು ತಪ್ಪಿದರೆ ತೋಟವೇ ಇಲ್ಲ. ಸರಕಾರದ ಪೊಲೀಸು ದುರ್ಬಲ. ಆಗ ತೋಟದ ಕಾವಲನ್ನೂ ನೀರಿನ ಹಂಚಿಕೆಯನ್ನೂ ಹಿಡಿದುಕೊಂಡ ಗುಂಪುಗಳು ಹಣ ಸುಲಿಯತೊಡಗಿದವು. ಮಾಫಿಯಾ ಬೇರುಬಿಟ್ಟ ಜಾಗಗಳಲ್ಲಿ ನಿಂಬೆ ತೋಟಗಳು ಮುಖ್ಯವೆಂದು ಇತ್ತೀಚಿನ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಹಿಂದೊಮ್ಮೆ ಸರದಿಯಂತೆ ಪಾಲಾಗುತ್ತಿದ್ದ ನೀರು ಈಗ ಬಂದೂಕಿನ ಮರ್ಜಿಯಲ್ಲಿ ಹರಿಯಿತು. ತೋಟ ಅದೇ, ತೊಟ್ಟಿ ಅದೇ, ನಡುವಿನ ನ್ಯಾಯ ಮಾತ್ರ ಇರಲಿಲ್ಲ. ಬಡವರು ಊರು ಬಿಟ್ಟರು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮೊದಲ ಮಹಾಯುದ್ಧದವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಿಸಿಲಿಯನ್ನರು, ಹೆಚ್ಚಾಗಿ ಅಮೆರಿಕಕ್ಕೆ, ವಲಸೆ ಹೋದರು.

1946ರಲ್ಲಿ ಸಿಸಿಲಿಗೆ ಇಟಲಿಯೊಳಗೆ ಸ್ವಾಯತ್ತ ಸ್ಥಾನ ಸಿಕ್ಕಿತು. ಮಾಫಿಯಾದ ವಿರುದ್ಧ ನಿಂತ ನ್ಯಾಯಾಧಿಕಾರಿಗಳಾದ ಫಾಲ್ಕೋನೆ ಮತ್ತು ಬೋರ್ಸೆಲ್ಲಿನೋ 1992ರಲ್ಲಿ ಎರಡು ತಿಂಗಳ ಅಂತರದಲ್ಲಿ ಬಾಂಬಿಗೆ ಬಲಿಯಾದರು. ಜನ ಬೀದಿಗಿಳಿದರು. ಮಾಫಿಯಾದಿಂದ ಮುಟ್ಟುಗೋಲಾದ ಹೊಲಗಳಲ್ಲಿ 1996ರ ಕಾನೂನಿನಂತೆ ಇಂದು ಸಹಕಾರ ಸಂಘಗಳು ಗೋಧಿ, ದ್ರಾಕ್ಷಿ ಬೆಳೆಯುತ್ತಿವೆ. ಹಣ್ಣು, ಆಲಿವ್, ದ್ರಾಕ್ಷಿ, ತೈಲ ಶುದ್ಧೀಕರಣ, ಪ್ರವಾಸೋದ್ಯಮ ಇವು ಇಂದಿನ ಆದಾಯದ ದಾರಿಗಳು. ನಿರುದ್ಯೋಗ ಮಾತ್ರ ಇಟಲಿಯ ಸರಾಸರಿಗಿಂತ ಬಹಳ ಹೆಚ್ಚು. ಓದಿದ ಯುವಕರು ಇಂದಿಗೂ ಉತ್ತರಕ್ಕೆ ಹೋಗುತ್ತಾರೆ. ನೀರಿನ ಕೊರತೆಯೂ ಹಾಗೇ ಇದೆ. 2024ರಲ್ಲಿ ಬರ ತುರ್ತುಸ್ಥಿತಿ ಸಾರಬೇಕಾಯಿತು, ಊರೂರುಗಳಲ್ಲಿ ನಲ್ಲಿ ನೀರನ್ನು ಪಡಿಯಂತೆ ಬಿಡಲಾಯಿತು.

ಅಸದ್ ಬಿನ್ ಫುರಾತ್ ಇಳಿದ ಮಝಾರಾ ಇಂದು ಇಟಲಿಯ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. 1960ರ ದಶಕದ ಕೊನೆಯಿಂದ ಟುನೀಸಿಯಾದ ಮೀನುಗಾರರು ಅಲ್ಲಿಗೆ ಬಂದು ನೆಲೆಸಿದ್ದಾರೆ. ಹಳೆಯ ಊರಿನ ಗಲ್ಲಿಗಳಲ್ಲಿ ಮತ್ತೆ ಅರಬಿ ಕೇಳುತ್ತದೆ. ಅಲ್ಜೀರಿಯಾದ ಅನಿಲ ಕೊಳವೆ ಸಮುದ್ರದಡಿಯಿಂದ ಬಂದು ದಡ ಹತ್ತುವುದೂ ಅಲ್ಲೇ. 2020ರಲ್ಲಿ ಮಝಾರಾದ ಎರಡು ದೋಣಿಗಳನ್ನು ಲಿಬಿಯಾದ ಪಡೆಗಳು ಹಿಡಿದಾಗ ಇಟಲಿಯವರೂ ಟುನೀಸಿಯಾದವರೂ ಸೆನೆಗಲ್‌ನವರೂ ಸೇರಿ ಹದಿನೆಂಟು ಮಂದಿ ನೂರಕ್ಕೂ ಹೆಚ್ಚು ದಿನ ಜೊತೆಯಾಗಿ ಸೆರೆಯಲ್ಲಿದ್ದರು. ಅವರೆಲ್ಲರ ಬಿಡುಗಡೆಗಾಗಿ ಮನೆಯವರು ಜೊತೆಯಾಗಿಯೇ ಕಾದರು.

ನಾವು ತೆಗೆದುಕೊಳ್ಳಬೇಕಾದದ್ದು

ಸಿಸಿಲಿಯ ಮುಸ್ಲಿಮರ ಚರಿತ್ರೆಯನ್ನು ಹುಡುಕಿ, ಅರಬಿ ಹಸ್ತಪ್ರತಿಗಳನ್ನು ಓದಿ, ಸಂಪುಟಗಳಾಗಿ ಬರೆದವರು ಮುಸ್ಲಿಮರಲ್ಲ. ಪಾಲೆರ್ಮೋದಲ್ಲಿ ಹುಟ್ಟಿದ ಮಿಕೇಲೆ ಅಮಾರಿ ಗಡಿಪಾರಾಗಿ ಪ್ಯಾರಿಸ್‌ನಲ್ಲಿದ್ದಾಗ ಅರಬಿ ಕಲಿತು ಆ ಕೆಲಸ ಮಾಡಿದರು. ತನ್ನ ನೆಲದ ಕಥೆ ಅರಬರಿಲ್ಲದೆ ಪೂರ್ತಿಯಾಗದು ಎಂಬುದು ಅವರಿಗೆ ಗೊತ್ತಿತ್ತು.

ಮುನ್ನೂರು ಮಸೀದಿಗಳ ಕಲ್ಲುಗಳು ಇಂದು ಎಲ್ಲಿವೆಯೋ ಹುಡುಕಬೇಕು. ಜೆಬ್ಬಿಯಾ ಎಂಬ ಮಾತನ್ನು ಹುಡುಕಬೇಕಿಲ್ಲ. ಬಂದವರು ನೆಲಕ್ಕೆ ಕೊಟ್ಟ ಕೆಲಸ ನೆಲದವರ ಬಾಯಲ್ಲಿ ಉಳಿದುಕೊಂಡಿತು. ನಮ್ಮ ಜಮಾಅತ್‌ಗಳು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವಾಗ ಈ ಲೆಕ್ಕವನ್ನೂ ಹಾಕಬೇಕು. ಎಷ್ಟು ಕಟ್ಟಡ ಕಟ್ಟಿದೆವು ಎಂಬುದರ ಜೊತೆಗೆ, ಊರಿನ ಎಲ್ಲರಿಗೂ ಬೇಕಾಗುವ ಯಾವ ಕಸುಬು, ಯಾವ ವಿದ್ಯೆ, ಯಾವ ಸೇವೆ ನಮ್ಮ ಮಕ್ಕಳ ಕೈಯಲ್ಲಿದೆ ಎಂದೂ ಕೇಳಬೇಕು.

ಆದರೆ ಕಸುಬೊಂದೇ ಕಾಯಲಿಲ್ಲ ಎಂಬುದನ್ನೂ ಸಿಸಿಲಿ ಹೇಳುತ್ತದೆ. ಸಕ್ಕರೆ ಮಾಡುವವರು ಬೇಕಾಗಿದ್ದರೂ ಅವರನ್ನು ಓಡಿಸಲಾಯಿತು. ಒಳ್ಳೆಯ ಅರಸನ ಕಾಲದಲ್ಲಿ ಅವರು ಅಝಾನ್ ಪಡೆದರು, ಆದರೆ ಯಾವ ಅರಸನೂ ಕಿತ್ತುಕೊಳ್ಳಲಾಗದ ಹಕ್ಕು ಅವರಿಗೆ ಇರಲಿಲ್ಲ. ನಮ್ಮ ಊರುಗಳಲ್ಲಿ ಶುಕ್ರವಾರ ಮಿಂಬರಿನ ಮೇಲೆ ಖತೀಬರು ನಿಲ್ಲುವುದು ಯಾರೊಬ್ಬರ ಕೃಪೆಯಿಂದಲ್ಲ, ಸಂವಿಧಾನದ 25ನೇ ವಿಧಿಯಿಂದ. ಅದು ನಮಗಾಗಿ ಮಾತ್ರ ಬರೆದ ವಿಧಿಯಲ್ಲ, ಎಲ್ಲರಿಗೂ ಸೇರಿದ್ದು. ಆದ್ದರಿಂದ ಅದನ್ನು ಕಾಯುವುದು ಎಲ್ಲರ ಹಕ್ಕನ್ನು ಕಾಯುವುದೇ ಆಗಿದೆ. ಇಬ್ನುಲ್ ಹವ್ವಾಸ್, ಇಬ್ನು ಸುಮ್ನಾರಂತೆ ನಮ್ಮ ನಮ್ಮೊಳಗಿನ ಹಗೆಯಲ್ಲಿ ಮುಳುಗಿದವರಿಗೆ ಆ ಕಾವಲಿಗೆ ಬಿಡುವಿರುವುದಿಲ್ಲ.